ಲೂಸಿ ಅಕ್ಕ, ನಿಮ್ಮನ್ನು ಆ ಚಿಕಿತ್ಸೆಗೆ ಸೇರಿಸಿಕೊಂಡೇ ಇರಲಿಲ್ಲವಂತೆ

ವಾರ್ಡಿನಲ್ಲಿ ನನಗೆ ಸೂಜಿ ಹಿಡಿಯಲು ಕಲಿಸಿದ ಲೂಸಿ ಅಕ್ಕನಿಗೆ,

ಕ್ಷೇಮ ಕೇಳುವುದಿಲ್ಲ. ನಿಮ್ಮ ಮೇಲೆ ನನಗೆ ಕೆಂಡದಂಥ ಸಿಟ್ಟಿದೆ.

ಇಲ್ಲಿ ಗಲ್ಫಿನಲ್ಲಿ, ಅದ್ಲಿಯಾದ ನಮ್ಮ ಫ್ಲ್ಯಾಟಿನಲ್ಲಿ ನೀವು ಸೂಟ್‌ಕೇಸ್ ತುಂಬಿಸಿದ ದಿನ ನೆನಪಿದೆಯೇ? ನಿಮ್ಮ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗೆ ಹೊಸ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆಯೆಂದು ಫ್ರಾನ್ಸಿನಲ್ಲಿರುವ ನಿಮ್ಮ ತಂಗಿ ಕರೆಸಿಕೊಂಡಿದ್ದರು. "ನನ್ನದೇ ರಕ್ತದ ಕಾವಲು ಕೋಶಗಳನ್ನು ತೆಗೆದು ಬೆಳೆಸ್ತಾರೆ. ಅವು ಹೊರಗೆ ಬಿಡುವ ಸಣ್ಣ ಸಣ್ಣ ಚೀಲಗಳಿಗೆ ಗಡ್ಡೆಯ ಗುರುತು ಹಚ್ಚಿ ವಾಪಸ್ ಚುಚ್ಚುದು. ಆಗ ಕಳ್ಳ ಯಾರೂಂತ ಮೈಗೆ ಗೊತ್ತಾಗ್ತದೆ ಮಾರಾಯ್ತಿ!" ಎಂದು ನಕ್ಕಿರಿ.

ಆಮೇಲೆ ಪ್ರತಿ ಶುಕ್ರವಾರ ಫೋನಿನಲ್ಲಿ ಎಷ್ಟು ಚೆಂದ ಹೇಳಿದಿರಿ! ಎರಡೂ ಕೈಗೆ ಸೂಜಿ, ಯಂತ್ರದೊಳಗೆ ಸುತ್ತಿ ಬರುವ ರಕ್ತ, ಚುಚ್ಚಿದ ಜಾಗದ ಕೆಂಪು... "ಎಲ್ಲ ಸೌಖ್ಯ." ಅದನ್ನೆಲ್ಲ ನಾನು ನಮ್ಮ ವಾರ್ಡಿನ ರೋಗಿ ಹಮೀದ್ ಭಾಯಿಗೆ ಹೇಳುತ್ತಿದ್ದೆ. ಉಳ್ಳಾಲದವರು, ಇಲ್ಲೇ ಅಸ್ಕರಿನಲ್ಲಿ ಕೆಲಸ, ನಿಮ್ಮದೇ ಕಾಯಿಲೆ. "ಸಿಸ್ಟರ್, ನಿಮ್ಮ ಅಕ್ಕನಿಗೆ ಗುಣ ಆದ್ರೆ ನಂಗೂ ಆ ಮದ್ದು ಸಿಗ್ಬಹುದಲ್ಲ?" ಎಂದು ಕೇಳಿದರು. ಖಂಡಿತ ಎಂದೆ. ಮಕ್ಕಳನ್ನು ನೋಡಲು ಊರಿಗೆ ಹೊರಟಿದ್ದವರು, ಗುಣವಾದ ಮೇಲೆಯೇ ಹೋಗುತ್ತೇನೆಂದು ನಿಂತುಬಿಟ್ಟರು.

ನೀವು ತೀರಿಕೊಂಡ ಮೇಲೆ ತಂಗಿ ಬಾಯಿ ಬಿಟ್ಟರು. ನಿಮ್ಮ ಅಂಗಾಂಶದ ಗುರುತು ಆ ಚಿಕಿತ್ಸೆಗೆ ಹೊಂದಲಿಲ್ಲವೆಂದು ಮೊದಲ ಪರೀಕ್ಷೆಯಲ್ಲೇ ನಿಮ್ಮನ್ನು ಕೈಬಿಟ್ಟಿದ್ದರಂತೆ. "ಗಲ್ಫಿನಲ್ಲಿ ಇರುವವರಿಗೆ ಕೆಟ್ಟ ಸುದ್ದಿ ಹೇಳ್ಬಾರ್ದು. ಅವಳು ಡ್ಯೂಟಿಯಲ್ಲಿ ಅಳ್ತಾಳೆ" ಎಂದು ನೀವೇ ಅವರಿಗೆ ಹೇಳಿದ್ದಿರಂತೆ. ಊರಿನವರು ನಮಗೆ, ನಾವು ಊರಿನವರಿಗೆ ಹೇಳುವ ಸುಳ್ಳು ಅದು. ಒಂದೇ ಒಲೆಯಲ್ಲಿ ಬೇಯಿಸಿ ತಿಂದ ನನಗೂ ಅದನ್ನೇ ಹೇಳುವುದೇ? ರೋಗಿಗೆ ಸುಳ್ಳು ಭರವಸೆ ಕೊಡಬಾರದೆಂದು ನನ್ನ ಕಿವಿ ಹಿಂಡಿದವರು ನೀವು! ನಂಬಿಸಿ ಕತ್ತು ಕೊಯ್ದಿರಿ. ಒಂದು ಸಲ, ಒಂದೇ ಸಲ "ನಂಗೆ ಹೆದರಿಕೆ ಆಗ್ತದೆ" ಎಂದಿದ್ದರೆ...

ನಿನ್ನೆ ಹಮೀದ್ ಭಾಯಿಗೆ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದು ನಿಂತೆ. ಬೈಯಲಿಲ್ಲ. "ಹಾಗಾದ್ರೆ ನನ್ನ ರಿಪೋರ್ಟಲ್ಲಿ ಎಂತ ಉಂಟು, ಸರಿಯಾಗಿ ಹೇಳಿ" ಎಂದರು. ಡಾಕ್ಟರನ್ನು ಕರೆತಂದು ಪಕ್ಕದಲ್ಲೇ ಕುಳಿತೆ. ಪೂರ್ತಿ ಕೇಳಿಸಿಕೊಂಡು ಹಮೀದ್ ಭಾಯಿ ಕೇಳಿದ್ದು ಒಂದೇ.

"ವಿಮಾನ ಹತ್ತುವಷ್ಟು ಶಕ್ತಿ ಉಂಟಾ ಡಾಕ್ಟ್ರೇ?"

"ಹೋದ ತಿಂಗಳು ಇತ್ತು" ಎಂದರು ಡಾಕ್ಟರು.