ಪೋಸ್ಟರಿನಿಂದ ಅಳಿಸಿದ ಹೆಂಗಸು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಕೆಂಪು ಬಣ್ಣ ಪೋಸ್ಟರ್ ಅಚ್ಚೊತ್ತುವ ಜಾಲರಿಯಲ್ಲಿ ಕಟ್ಟಿಕೊಂಡಿತು. ತೊಳೆದು ಬಿಸಿಲಿಗಿಟ್ಟೆ. ಮಕಾಸ್ಸರ್ ಬಂದರಿನ ಈ ಜಿಗುಟು ಸೆಕೆಯಲ್ಲಿ ಏನೂ ಒಣಗುವುದಿಲ್ಲ.

ಮೆರವಣಿಗೆಗೆ ಪೋಸ್ಟರ್ ಬೇಕು. ಕಂಪನಿ ಕಡಲಿಗೆ ಮರಳು ಸುರಿಯುತ್ತಿದೆ, ಮೇಲೆ ಹೋಟೆಲು ಕಟ್ಟಲು. ಮರಳೆತ್ತುವ ತನ್ನ ಹಡಗು ಮೀನುಗಾರರ ನೀರಿಗೆ ಬಂದೇ ಇಲ್ಲ ಎಂದು ಕೋರ್ಟಿನಲ್ಲಿ ವಾದ. ಬಂದದ್ದಕ್ಕೆ ಇರುವ ಸಾಕ್ಷಿ ಒಂದೇ — ಮೀನುಗಾರರ ಕೇರಿಯ ರನ್ನು ಎಂಬ ಹುಡುಗಿ ಮೊಬೈಲಿನಲ್ಲಿ ತೆಗೆದ ಫೋಟೊ. ಸೊಂಟಮಟ್ಟದ ನೀರಿನಲ್ಲಿ ಕೈಕೈ ಹಿಡಿದ ಹೆಂಗಸರು, ಎದುರಿಗೆ ಹಡಗು.

ಪೋಸ್ಟರಿಗೂ ಅದೇ. ಒಂದೇ ತೊಂದರೆ... ನಡುವೆ ನಿಂತವಳ ಅಂಗಿಯ ಮೇಲೆ ಕಂಪನಿಯ ಗುರುತು. ಹಬ್ಬಕ್ಕೆ ಕಂಪನಿಯೇ ಅಕ್ಕಿಯ ಜೊತೆ ಕೇರಿಗೆ ಹಂಚಿದ ಅಂಗಿ.

ಅಳಿಸಿದೆ. ಅಂಗಿಯನ್ನಲ್ಲ, ಅವಳನ್ನೇ. ಅಕ್ಕಪಕ್ಕದವರ ಕೈ ಎಳೆದು ಜೋಡಿಸಿದೆ. ಗೊತ್ತಾಗುವುದಿಲ್ಲ.

ಸಂಜೆ

ಫೋಟೊ ತೆಗೆದವಳ ಹೆಸರು ಹಾಕೋಣವೇ ಎಂದು ಬಾಸೊನನ್ನು ಕೇಳಿದೆ. ಪೋಸ್ಟರ್ ಮಾಡುವ ನಮ್ಮ ಕೂಟಕ್ಕೆ ಹಿರಿಯ ಅವನೇ.

"ಯಾವತ್ತಾದ್ರೂ ಹಾಕಿದೀವಾ? ಪೊಲೀಸ್ರಿಗೆ ನಾವೇ ವಿಳಾಸ ಬರ್ಕೊಡೋಣ್ವಾ? ಹಂಗೇ ಬರ್ತಾ ಕಾಫಿ ಪುಡಿ ತನ್ನಿ ಅಂತ್ಲೂ ಬರಿ."

ನಿಜ. ನಮ್ಮ ಪೋಸ್ಟರಿಗೆ ಹೆಸರಿಲ್ಲ. ಹೊಸಬರಿಗೆ ಈ ನಿಯಮ ಕಲಿಸುವವಳೇ ನಾನು.

ಮಾರ್ಚ್ 11

ರನ್ನು ಬಂದಳು. ಜೊತೆಗೆ ಅವಳ ಅವ್ವ, ಡಾಯೆಂಗ್ ಕನಂಗ್. ನಾನು ಪೋಸ್ಟರಿನಿಂದ ಅಳಿಸಿದ ಹೆಂಗಸು. ರನ್ನುವಿನ ಅವ್ವ ಎಂದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ಅವ್ವ ಗೋಡೆಯ ಪೋಸ್ಟರಿನ ಮುಂದೆ ನಿಂತರು. ಬೆರಳಿಟ್ಟು ತೋರಿಸಿದರು.

"ಇವ್ಳು ಹಲೀಮಾ. ಇವ್ಳು ಸಿತ್ತಿ. ನಡೂಕೆ ನಾನಿದ್ದೆ. ಈಗ ನೋಡಿದ್ರೆ ಇವ್ರಿಬ್ರೂ ಕೈ ಹಿಡ್ಕೊಂಡವ್ರೆ. ಒಬ್ರ ಮುಖ ಒಬ್ರು ನೋಡಲ್ಲ ಕಣವ್ವ ಇವ್ರು. ಕೇರಿಯೆಲ್ಲ ನಗ್ತಾ ಅದೆ."

ಅಂಗಿಯ ವಿಷಯ ಹೇಳಿದೆ.

"ಇನ್ನೇನು, ಒಳ್ಳೇ ಬಟ್ಟೇನ ಉಪ್ಪುನೀರಿಗೆ ಹಾಕ್ಲಾ? ಅವ್ರು ಕೊಟ್ಟಿದ್ದು ತೊಟ್ಕೊಂಡೇ ಅವ್ರ ಹಡಗಿಗೆ ಅಡ್ಡ ನಿಂತೆ. ಅದು ನಿಂಗೆ ನಾಚಿಕೆ ಆಯ್ತಾ?"

ರನ್ನು ಕೇಳಿದಳು, "ಅಕ್ಕ, ನನ್ ಹೆಸ್ರೂ ಇಲ್ವಲ್ಲ?"

ನಿಯಮ ಹೇಳಿದೆ. ನಿನ್ನ ರಕ್ಷಣೆಗೇ ಎಂದೆ.

"ಬಚ್ಚಿಡಿ ಅಂತ ನಾನು ಕೇಳಿದ್ನಾ? ಫೋಟೊ ಹಿಡ್ದೋಳು ಯಾರು ಅಂತ ಪೊಲೀಸ್ರಿಗೆ ಆಗ್ಲೇ ಗೊತ್ತು. ಗೊತ್ತಿಲ್ದೇ ಇರೋದು ಊರಿಗೆ."

ಮಾರ್ಚ್ 17

ಕಂಪನಿ ಎರಡನ್ನೂ ಪಕ್ಕಪಕ್ಕ ಹಾಕಿ ಎಲ್ಲ ಕಡೆ ಹಂಚಿದೆ. ರನ್ನುವಿನ ಫೋಟೊ, ನಮ್ಮ ಪೋಸ್ಟರ್. ಕೆಳಗೆ ಒಂದೇ ಪ್ರಶ್ನೆ: ಒಬ್ಬಳನ್ನು ತೆಗೆದವರು ಹಡಗನ್ನು ಅಂಟಿಸಿರಲಾರರೇ?

ಚೆನ್ನಾಗಿ ಕೇಳಿದ್ದಾರೆ. ನಾನಾಗಿದ್ದರೂ ಇದನ್ನೇ ಕೇಳುತ್ತಿದ್ದೆ.

ಕೇರಿಯ ಪರ ವಕೀಲರ ಫೋನು. "ತಿದ್ದಿದೋರು ಕೋರ್ಟಿಗೆ ಬಂದು ಏನು ತಿದ್ದಿದ್ವಿ ಅಂತ ಬಾಯ್ಬಿಟ್ಟು ಹೇಳ್ಬೇಕು. ಇಲ್ದಿದ್ರೆ ಫೋಟೊ ಹೋಯ್ತು, ಕೇಸೂ ಹೋಯ್ತು."

ಮಾರ್ಚ್ 19

ಸಭೆ. ಬಾಸೊ ಬಗ್ಗಲಿಲ್ಲ. "ಕೂಟ ಮಾಡ್ತು ಅನ್ನು. ಒಬ್ರ ಹೆಸ್ರು ಹೊರಗೆ ಬಂದ್ರೆ ನಾಳೆ ಎಲ್ರದ್ದೂ ಕೇಳ್ತಾರೆ. ಜೈಲಲ್ಲಿ ಕೂತ್ಕೊಂಡು ಬಣ್ಣ ಬಳೀತೀಯಾ?"

ಅವನದ್ದೂ ಸುಳ್ಳಲ್ಲ. ಅವನು ಜೈಲು ಕಂಡವನು.

ಆದರೆ ಕೂಟ ಆ ಹೆಂಗಸನ್ನು ಅಳಿಸಲಿಲ್ಲ. ನಾನು ಅಳಿಸಿದೆ. ಕಂಪನಿ ತನ್ನ ನಕ್ಷೆಯಿಂದ ಕೇರಿಯನ್ನು ಅಳಿಸಿತು, ನಾನು ಪೋಸ್ಟರಿನಿಂದ ಕೇರಿಯವಳನ್ನು. ಹೆಸರು ಹಾಕದ ನಿಯಮ ಪೊಲೀಸರಿಗೆಂದು ಕಟ್ಟಿದ ಗೋಡೆ. ಅದರ ಹಿಂದೆ ನಾನು ಯಾರಿಂದ ಅವಿತಿದ್ದೇನೆ? ಡಾಯೆಂಗ್ ಕನಂಗ್ ಅವರಿಂದ.

ಮಾರ್ಚ್ 23, ಮಧ್ಯಾಹ್ನ

ನಾಳೆ ವಿಚಾರಣೆ. ಹೊಸ ಪೋಸ್ಟರ್ ಕೋರ್ಟಿನ ಬಾಗಿಲಲ್ಲಿ ಹಂಚುವುದು. ಫೋಟೊ ಇದ್ದ ಹಾಗೇ. ಬಣ್ಣವನ್ನೂ ಮುಟ್ಟಿಲ್ಲ.

ಅವ್ವ ಪಕ್ಕದಲ್ಲೇ ಕೂತು ಕರಿದ ಬಾಳೆಹಣ್ಣಿನ ತುಂಡು ತಿನ್ನುತ್ತಿದ್ದರು. "ಅಂಗಿ ಮೇಲಿನ ಗುರುತು ನೆಟ್ಟಗೆ ಕಾಣ್ಲಿ," ಎಂದರು. "ಕೊಟ್ಟೋರಿಗೂ ಗೊತ್ತಾಗ್ಲಿ, ಬಾಳಿಕೆ ಬಂತು ಅಂತ."

ಕೆಳಗೆ ಹೆಸರುಗಳು. ನೀರಿನಲ್ಲಿ ನಿಂತವರೆಲ್ಲರದೂ, ಅವರವರನ್ನು ಕೇಳಿಕೊಂಡೇ. ಫೋಟೊ: ರನ್ನು.

ಬಾಸೊ ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದ. ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ.

"ಇನ್ನೊಂದ್ ಸಾಲು ಬಾಕಿ ಅದೆ ಅಕ್ಕ," ಎಂದಳು ರನ್ನು.

ಗೊತ್ತು. ಕೂತೆ. ಟೈಪ್ ಮಾಡಿದೆ.

ಹಿಂದಿನ ಪೋಸ್ಟರಿನಲ್ಲಿ ಡಾಯೆಂಗ್ ಕನಂಗ್ ಅವರನ್ನು ಅಳಿಸಿದವರು —