ಮೂವತ್ತೊಂದನೇ ತಾರೀಕು

ಹೈದರಾಬಾದ್, ಮಂಗಳವಾರ

ಕುಪ್ಪಗಡ್ಡೆಯ ಅಣ್ಣನಿಗೆ ತಮ್ಮ ಕೆರಿಯಪ್ಪನ ನಮಸ್ಕಾರ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾರ್ಡು. ಪೋಸ್ಟಿನವನು ಓದಿದರೂ ಓದಲಿ.

ಅಪ್ಪನ ಕೈಕಾಲು ಸೊರಗಿಸಿದ ಕಾಯಿಲೆ ಹೇಗೆ ಹುಟ್ಟುತ್ತದೆಂದು ಹುಡುಕುವ ಲ್ಯಾಬಿನವರು ನನ್ನ ರಕ್ತಕ್ಕಾಗಿ ಕರೆಸಿದ್ದಾರೆ. ಅಪ್ಪ ಸತ್ತು ಆರು ವರ್ಷವಾಯಿತು. ಬದುಕಿದ್ದಾಗ ಇವರು ತೆಗೆದುಕೊಂಡ ಅವನ ಚರ್ಮದ ಚೂರಿನ ಜೀವಕೋಶಗಳು ಮಾತ್ರ ಇಲ್ಲಿ ತಟ್ಟೆಯೊಂದರಲ್ಲಿ ಇನ್ನೂ ಬೆಳೆಯುತ್ತಿವೆ. ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ಇಲ್ಲಿ ಕೆಲಸ ಮಾಡುವ ಶಿಕಾರಿಪುರದ ಹುಡುಗಿ, “ಚಪ್ಪಲಿ ಹಾಕ್ಕಳ್ರೀ. ಇವಕ್ಕೆ ದಿನಾ ಊಟ ಹಾಕ್ತೀವಿ, ಒಂದಿನ ತಪ್ಪಿದ್ರೂ ಸಾಯ್ತಾವ್ರೀ” ಅಂದಳು. ಊಟವೆಂದರೆ ಕೆಂಪು ನೀರು. ಯಾವ ದಿನ ಯಾರ ಪಾಳಿ ಎಂದು ಬಾಗಿಲಿಗೆ ಹಾಳೆ ಅಂಟಿಸಿದ್ದಾರೆ.

ನನ್ನ ಎಡಗೈ ಹಿಡಿತ ಸಡಿಲವಾಗಿದೆ. ಕಾಯಿಲೆ ನಿನಗೂ ಬರಬಹುದಂತೆ, ನೀನೂ ಇಲ್ಲಿಗೆ ಬಂದು ರಕ್ತ ಕೊಡು.

ಆಸ್ತಿ ಹಿಸ್ಸೆಯಾದ ಮೇಲೆ ನಾವೂ ಅಪ್ಪನಿಗೆ ಪಾಳಿ ಹಾಕಿದ್ದೆವಲ್ಲ. ಒಂದು ತಿಂಗಳು ನಿನ್ನ ಮನೆ, ಒಂದು ತಿಂಗಳು ತೊಗರ್ಸಿಯಲ್ಲಿ ನನ್ನ ಮನೆ, ತಿಂಗಳೆಂದರೆ ಮೂವತ್ತೇ ದಿನ. ಮೂವತ್ತೊಂದು ಬಂದರೆ ಅಪ್ಪ ಉಪವಾಸ ನಮ್ಮಿಬ್ಬರ ಊರಿನ ನಡುವಿನ ಆನವಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದ.

ಕಾರ್ಡು ತುಂಬಿತು. ಇಲ್ಲಿನ ಹಾಳೆಯಲ್ಲಿ ಮೂವತ್ತೊಂದಕ್ಕೆ ಇಬ್ಬರ ಹೆಸರಿದೆ.

ಕೆರಿಯಪ್ಪ