ಸಮುದ್ರದ ಗಾಳಿಗೆ ಬೇರೆ ಜೆಟ್

ನೈರೋಬಿ
ಗುರುವಾರ, 8 ಆಗಸ್ಟ್ 2024

ಕಾಜಿಟನ್‌ಗೆ,

ದೇವರು ನಿನಗೆ ಆರೋಗ್ಯವನ್ನೂ ಒಂದಿಷ್ಟು ತಾಳ್ಮೆಯನ್ನೂ ಕೊಡಲಿ. ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಆಶ್ಚರ್ಯಪಡಬೇಡ. ಕೊಂಕಣಿಯಲ್ಲಿ ಶುರುಮಾಡಿದರೆ ನನ್ನ ಬಾಯಿಗೆ ಮೊದಲು ಬೈಗುಳವೇ ಬರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತದ್ದು, ಅದರಲ್ಲಿ ಇನ್ನೂ ಸ್ವಲ್ಪ ಮರ್ಯಾದೆ ಉಳಿದಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಮಧ್ಯೆ ಬಾಯಿ ಹಾಕುತ್ತೀ. ಅದಕ್ಕೇ ಈ ಕಾಗದವನ್ನೂ ಜೊತೆಗಿರುವ ಪುಟ್ಟ ಡಬ್ಬಿಯನ್ನೂ ಇವತ್ತಿನ ಬಸ್ಸಿನಲ್ಲಿ ನಿನ್ನ ಕಡಲ ಬದಿಯ ಕಿಲಿಫಿಗೆ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಡಬ್ಬಿ ತೆರೆಯಬೇಡ.

ನಿನ್ನೆ ಜೋಸಿ ಫೋನ್ ಮಾಡಿದ್ದಳು. ನಿನ್ನ ವಿಮಾನದ ಎಂಜಿನ್ ಸ್ಟಾರ್ಟ್ ಆಗುತ್ತದಂತೆ, ನಿಧಾನಕ್ಕೆ ಚೆನ್ನಾಗಿಯೇ ಓಡುತ್ತದಂತೆ, ಥ್ರಾಟಲ್ ಪೂರ್ತಿ ಎಳೆದ ಕೂಡಲೇ ಉಸಿರು ಕಟ್ಟಿ ಕಪ್ಪು ಹೊಗೆ ಬಿಟ್ಟು ಸಾಯುತ್ತದಂತೆ. “ಮಮ್ಮಾ, ಡ್ಯಾಡಾ ಈಸ್ ನಾಟ್ ಆಸ್ಕಿಂಗ್. ಐ ಆಮ್ ಆಸ್ಕಿಂಗ್” ಎಂದಳು. ರಜೆ ಕಳೆಯಲು ಬಂದ ಮಗಳನ್ನು ನಿನ್ನ ಜಂಬಕ್ಕೆ ವಕೀಲೆ ಮಾಡಿಕೊಂಡಿದ್ದೀಯಲ್ಲ, ಭೇಷ್! ಶನಿವಾರ ಮೊಂಬಾಸಾದಿಂದ ರಿಪೇರಿಯ ಫುಂಡಿ ಬರುತ್ತಾನೆ, ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಡ್ಯಾಡಾ ನನ್ನನ್ನು ಸಮುದ್ರದ ಮೇಲೆ ಹಾರಿಸುತ್ತಾರೆ ಎಂದೂ ಹೇಳಿದಳು. ಫೋನ್ ಇಟ್ಟ ಕೂಡಲೇ ಈ ಡಬ್ಬಿ ಕಟ್ಟಿದೆ.

ಹಿಮವೇ ಬೀಳದ ಊರಿಗೆ ಸ್ನೋಮೊಬೈಲ್ ತಂದವನು ಒಬ್ಬ ಮರುಳ. ಅವನು ಊರು ಬಿಡುವಾಗ ಗಿಗಿರಿಯ ಅವನ ಮನೆ ತನಕ ಹೋಗಿ ಅದನ್ನು ಕೊಂಡ ನೀನು ಮಹಾ ಮರುಳ. ಹಿಮದ ಮೇಲೆ ಓಡುವ ಬಂಡಿಯ ಎಂಜಿನ್ ಕಿತ್ತು, ಬಟ್ಟೆ ರೆಕ್ಕೆಯ ಎರಡು ಸೀಟಿನ ಪುಟ್ಟ ವಿಮಾನಕ್ಕೆ ಕೂರಿಸಿ, ಎಂಬಕಸಿ ಏರ್‌ಪೋರ್ಟಿನ ಕಾರ್ಗೋ ಕೆಲಸ ಬಿಟ್ಟು, ಟೂರಿಸ್ಟರನ್ನು ಹಾರಿಸುತ್ತೇನೆಂದು ಕಡಲ ಬದಿಗೆ ಹೋದೆ. ನಾನು ಬೇಡವೆಂದೆ. ನೀನು ನನ್ನನ್ನೇ ಬೇಡವೆಂದೆ.

ಆದರೂ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡಿನಲ್ಲಿ ಅದಕ್ಕೆ ಜೀವ ಕೊಟ್ಟವಳು ನಾನೇ. ಹೇಗೆ ಕೆಮ್ಮುತ್ತಿತ್ತು, ನೆನಪಿದೆಯಲ್ಲ? ನೈರೋಬಿ ಎತ್ತರದ ಊರು, ಇಲ್ಲಿ ಗಾಳಿ ತೆಳು, ಪೆಟ್ರೋಲೂ ಕಡಿಮೆ ಸಾಕು. ಮಲ್ಪೆಯಲ್ಲಿ ಅಪ್ಪನ ಬೋಟ್ ಎಂಜಿನ್ ಶೆಡ್ಡಿನಲ್ಲಿ ಕಲಿತ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್ಟನ್ನು ಎರಡೂ ಕಾರ್ಬುರೇಟರಿನಿಂದ ಬಿಚ್ಚಿ, ಸಣ್ಣ ತೂತಿನದು ಹಾಕಿದೆ. ಓಡಿಸಿದೆ, ಪ್ಲಗ್ ತೆಗೆದು ನೋಡಿದೆ, ಮತ್ತೆ ಬದಲಿಸಿದೆ. ಕೊನೆಗೆ ಪೆಟ್ರೋಲಿನ ಹದ ಸರಿಯಾಗಿ ಪ್ಲಗ್ಗಿನ ತುದಿ ಚಹಾದ ಬಣ್ಣಕ್ಕೆ ಬಂದಾಗ ನೀನು ನನ್ನ ಎಣ್ಣೆ ಮೆತ್ತಿದ ಕೈಯನ್ನೇ ಹಿಡಿದು ಕುಣಿದೆ. ಆ ದಿನ ನಾವು ಜಗಳ ಆಡಲಿಲ್ಲ.

ಎಂಜಿನ್ ಒಯ್ಯುವ ಲಾರಿ ಬರುವ ಮೊದಲು ನಿನಗೆ ಹೇಳಿದ್ದೆ, ಕಡಲ ಬದಿಯಲ್ಲಿ ಗಾಳಿ ದಪ್ಪ, ಅಲ್ಲಿಗೆ ಮತ್ತೆ ದೊಡ್ಡ ಜೆಟ್ ಬೇಕು ಎಂದು. “ಎಂಥ ಮಾರಾಯ್ತಿ, ಊರು ಬದಲಾದ್ರೆ ಎಂಜಿನ್ ಬದಲಾಗ್ತದಾ? ಚಂದ ಓಡ್ತಾ ಉಂಟು, ಇನ್ನು ಕೈ ಹಾಕ್ಬೇಡ” ಎಂದೆ ನೀನು. ಉಳ್ಳಾಲದಲ್ಲಿ ಹುಟ್ಟಿದವನಿಗೆ ಕಡಲ ಗಾಳಿಯೇ ಮರೆತುಹೋಗಿದೆ! ಸಣ್ಣ ಜೆಟ್ಟಿನಲ್ಲಿ ಅಲ್ಲಿ ಹಾರಿದರೆ ಪೆಟ್ರೋಲ್ ಸಾಲದು, ಅದರಲ್ಲಿ ಬೆರೆತು ಬರುವ ಎಣ್ಣೆಯೂ ಸಾಲದು. ಮೊದಮೊದಲು ಎಂಜಿನ್ ಇನ್ನೂ ಚುರುಕಾದಂತೆ ಕಾಣುತ್ತದೆ, ಅದೇ ಮೋಸ. ಆಮೇಲೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಹಾಗೆ ಅಳಿವೆಯ ಆಚೆ ಕೈಕೊಟ್ಟ ಎಂಜಿನ್‌ಗಳನ್ನು ಅಪ್ಪ ಬಿಚ್ಚುವುದನ್ನು ನೋಡುತ್ತಲೇ ನಾನು ಬೆಳೆದೆ. ದೋಣಿಯಾದರೆ ತೇಲಿಕೊಂಡಿರುತ್ತದೆ, ಯಾರಾದರೂ ಎಳೆದು ತರುತ್ತಾರೆ. ನಿನ್ನ ಹಿಂದಿನ ಸೀಟಿನಲ್ಲಿ ಜೋಸಿ ಇರುತ್ತಾಳೆ, ಕಾಜಿಟನ್. ನನಗೆ ಹೆದರಿಕೆಯಾಗುತ್ತಿದೆ.

ಹತ್ತಬೇಡ ಎಂದು ಅವಳಿಗೇ ಹೇಳಬಹುದಿತ್ತು. ಹೇಳಿದರೆ ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೇಳಿದಂತಾಗುತ್ತದೆ. ಅದೊಂದು ನನ್ನಿಂದ ಆಗದು.

ಈಗ ನಿನ್ನ ತೊಂದರೆಗೆ ಬರುತ್ತೇನೆ. ನಿನ್ನ ಕ್ರಮ ನನಗೆ ಗೊತ್ತಿಲ್ಲದ್ದಲ್ಲ. ಮೊದಲು ಪ್ಲಗ್ ಬದಲಿಸುತ್ತೀ, ಆಮೇಲೆ ಹಳೆ ಪೆಟ್ರೋಲ್ ತೆಗೆದು ಹೊಸತು ಹಾಕುತ್ತೀ, ಕೊನೆಗೆ ಎಂಜಿನ್ನಿಗೆ ಒಂದು ಒದೆ. ಕಾರ್ಬುರೇಟರ್ ಮಾತ್ರ ಜನ್ಮದಲ್ಲಿ ಬಿಚ್ಚುವವನಲ್ಲ, ಅದು ಓಲಿಂಡಾಳ ಕೆಲಸ. ಪ್ಲಗ್ ಈಗ ಕಪ್ಪಾಗಿ ಒದ್ದೆಯಾಗಿರಬೇಕು. ಅಂದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಹೆಚ್ಚು ನುಗ್ಗುತ್ತಿದೆ. ಟ್ಯಾಂಕಿನ ಕಾಕ್ ಮುಚ್ಚು. ಕಾರ್ಬುರೇಟರಿನ ಅಡಿಯ ಬಟ್ಟಲು ನಿಧಾನಕ್ಕೆ ಬಿಚ್ಚಿ, ಟಾರ್ಚ್ ಹಿಡಿದು ಕೆಳಗಿನಿಂದ ನೋಡು. ಎರಡನ್ನೂ ನೋಡು. ಉಳಿದದ್ದನ್ನು ಆಮೇಲೆ ಓದು.

ಜೋಸಿಗೆ ನನ್ನ ಮುತ್ತು. ಅವಳು ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ನೀನು?

ಬೇಡವೆಂದರೂ ನಿನ್ನವಳೇ ಆದ
ಓಲಿಂಡಾ

ತಾ.ಕ.: ನೋಡಿದೆಯಾ? ಎರಡರಲ್ಲೂ ಜೆಟ್ ಇಲ್ಲ, ಅಲ್ಲವಾ? ಎಂಜಿನ್ನನ್ನು ಲಾರಿಗೆ ಹೇರುವ ಮೊದಲು, ನೀನು ಹಗ್ಗ ತರಲು ಹೋದಾಗ ನಾನೇ ಬಿಚ್ಚಿ ಪರ್ಸಿಗೆ ಹಾಕಿಕೊಂಡೆ. ಬೈಯುವುದಿದ್ದರೆ ಬೈ. ನನ್ನ ಮಾತು ಕೇಳದವನ ಎಂಜಿನ್ ನೆಲ ಬಿಟ್ಟು ಏಳುವುದು ನನಗೆ ಬೇಡವಾಗಿತ್ತು. ಶನಿವಾರ ಫುಂಡಿ ಬಂದರೆ ನೀನು ಅವನಿಂದ ನೈರೋಬಿಯ ಅಳತೆಯ ಸಣ್ಣ ಜೆಟ್ಟನ್ನೇ ಹಾಕಿಸುತ್ತೀ ಎಂದು ಗೊತ್ತು, ಅದಕ್ಕೇ ಈ ಅವಸರ. ಕಡಲಿಗೆ ತಕ್ಕ ದೊಡ್ಡ ಜೆಟ್ ಡಬ್ಬಿಯಲ್ಲಿದೆ. ಒಂದೇ ಇದೆ. ಇನ್ನೊಂದು ನನ್ನ ಹತ್ತಿರ. ಎರಡೂ ಕಳಿಸಿದರೆ ನೀನು ನನಗಾಗಿ ಕಾಯುವುದಿಲ್ಲ. ನಾಳೆಯ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ, ಮೊಂಬಾಸಾದಿಂದ ಮಟಾಟು ವ್ಯಾನ್ ಹಿಡಿದು ಬರುತ್ತೇನೆ. ಪ್ಲಗ್ ಚಹಾದ ಬಣ್ಣಕ್ಕೆ ಬಂದ ಮೇಲೆ ನಿನ್ನ ಹಿಂದಿನ ಸೀಟಿನಲ್ಲಿ ಮೊದಲು ಕೂರುವವಳು ನಾನು. ಜೋಸಿ ಆಮೇಲೆ.